ಕರಾವಳಿ ಟ್ರಿಪ್ ಹೊರಟಿದ್ದೀರಾ? ಒಂದು ಹಗಲು ಕುದುರೆಮುಖದ ಗಣಿ ಊರಿಗೆ ಕೊಡಿ

ವಿಜಯನಗರದ ಪಯಣಿಗ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಿಂದ ಕರಾವಳಿಗೆ ಕಾರಿನಲ್ಲಿ ಹೊರಟವರು ಶಿರಾಡಿ ಇಲ್ಲವೇ ಚಾರ್ಮಾಡಿ ಇಳಿದು ಸೀದಾ ಸಮುದ್ರ ಸೇರಿಬಿಡುತ್ತಾರೆ. ನಮ್ಮ ಮನೆಯಲ್ಲೂ ಅದೇ ರೂಢಿ. ಈ ಸಲ ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿಂದ ಮೇಲೆ ಘಾಟಿ ಇಳಿಯಲಿಲ್ಲ. ಬಲಕ್ಕೆ ಕಳಸದ ರಸ್ತೆ ಹಿಡಿದೆವು. ರಾತ್ರಿ ಕಳಸದಲ್ಲಿ ಉಳಿದು, ಬೆಳಿಗ್ಗೆ ಸಂಸೆ ದಾಟಿ ಕುದುರೆಮುಖ ಟೌನ್‌ಶಿಪ್‌ಗೆ ಹೋದೆವು. ಸಂಜೆ ಹೊತ್ತಿಗೆ ಪಣಂಬೂರಿನ ಕಡಲ ದಂಡೆಯಲ್ಲಿದ್ದೆವು.

ಈ ದಾರಿಯನ್ನೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಇಲ್ಲಿನ ಕಬ್ಬಿಣದ ಅದಿರು ಕೂಡ ಹೀಗೇ ಬೆಟ್ಟದಿಂದ ಕಡಲಿಗೆ ಇಳಿಯುತ್ತಿತ್ತು. ಲಾರಿಯಲ್ಲಲ್ಲ, ರೈಲಿನಲ್ಲೂ ಅಲ್ಲ. ಕಲ್ಲನ್ನು ನುಣ್ಣಗೆ ಅರೆದು, ನೀರು ಬೆರೆಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಬಿಡುತ್ತಿದ್ದರು. ಬೆಟ್ಟದ ಮೇಲಿನ ಊರು, ಕೊಳವೆ ಇಳಿದ ಘಾಟಿ, ಹಡಗು ತುಂಬಿಸಿಕೊಂಡ ಬಂದರು. ಮೂರನ್ನೂ ಒಂದೇ ಹಗಲಲ್ಲಿ ಸುತ್ತಬಹುದು. ಗಣಿ ಅಂದರೆ ಬರೀ ಗುಂಡಿ ಅಲ್ಲ, ಅದಕ್ಕೊಂದು ದಾರಿ ಇರುತ್ತದೆ ಅನ್ನೋದು ನಮ್ಮ ಮನೆಯ ಮಕ್ಕಳಿಗೆ ಆ ದಿನ ಚೆನ್ನಾಗಿ ಅರ್ಥವಾಯಿತು.

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಇಲ್ಲಿ ಕಬ್ಬಿಣ ಇದೆ ಅಂತ 1913ರಲ್ಲೇ ಗುರುತಿಸಿದವರು ಭೂವಿಜ್ಞಾನಿ ಸಂಪತ್ ಅಯ್ಯಂಗಾರ್. ಆದರೆ ಕಬ್ಬಿಣದ ಅಂಶ ಕಡಿಮೆ, ದಾರಿಯಿಲ್ಲದ ಕಾಡು, ಬಿಡದ ಮಳೆ. ಹಾಗಾಗಿ ಅರವತ್ತು ವರ್ಷ ಯಾರೂ ಅದನ್ನು ದೊಡ್ಡದಾಗಿ ಅಗೆಯಲಿಲ್ಲ. ಎಪ್ಪತ್ತರ ದಶಕದಲ್ಲಿ ಇರಾನ್ ದೇಶ ಹಣ ಕೊಟ್ಟು ಅದಿರು ಕೊಳ್ಳುತ್ತೇನೆ ಅಂತ ಮುಂದೆ ಬಂತು. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ನಮ್ಮ ಕೋರಮಂಗಲದಲ್ಲೇ ಅದರ ಕೇಂದ್ರ ಕಚೇರಿ ಇದೆ. ಅದರ ಮುಂದೆ ದಿನಾ ಓಡಾಡುವವರು ಈ ಚರ್ಚೆಯಲ್ಲೇ ಎಷ್ಟೋ ಜನ ಇರಬಹುದು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಅವರು ಹಿಂದೆ ಸರಿದರು. ಕೆಲಸ ನಿಲ್ಲಲಿಲ್ಲ. 1980ಕ್ಕೆ ಗಣಿ, ಕಾರ್ಖಾನೆ, ಕೊಳವೆ ಎಲ್ಲ ಸಿದ್ಧವಾಯಿತು. ಸರಕು ಸಿದ್ಧ, ಕೊಳ್ಳುವವನೇ ಇಲ್ಲ. ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಿ ಮಾರಬೇಕಾಯಿತು.

2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಸುಪ್ರೀಂ ಕೋರ್ಟಿನ ಆದೇಶ.

ಈಗ ಊರಿನಲ್ಲಿ ಏನಿದೆ? ಸಾಲು ಸಾಲು ಕ್ವಾರ್ಟರ್ಸ್. ಬಹಳಷ್ಟು ಖಾಲಿ. ಒಂದು ಮನೆಯ ಮುಂದೆ ಸುಮಾರು ಹೊತ್ತು ನಿಂತಿದ್ದೆ. ಬಾಗಿಲಿನ ಹಲಗೆ ಮಳೆ ಕುಡಿದು ಉಬ್ಬಿದೆ. ಮನೆ ನಂಬರಿನ ಬಣ್ಣ ಅರ್ಧ ಉದುರಿದೆ. ಸೂರಿನ ನೀರು ಬೀಳುವ ಕಡೆ ನೆಲದ ಸಿಮೆಂಟಿಗೆ ಒಂದು ಗೆರೆಯಷ್ಟು ಹಳ್ಳ ಬಿದ್ದು, ಅದರ ತುಂಬ ಪಾಚಿ. ಆದರೆ ಬೇಲಿಗೆ ನೆಟ್ಟ ಕೆಂಪು ದಾಸವಾಳ ಆಳೆತ್ತರ ಬೆಳೆದು ಹೂವು ಬಿಟ್ಟಿತ್ತು. ಯಾರೋ ಅಮ್ಮ ದೇವರ ಪೂಜೆಗೆ ಅಂತ ನೆಟ್ಟಿದ್ದಿರಬೇಕು. ಕಾಡಿನ ಗಿಡವಲ್ಲ ಅದು.

ಇಷ್ಟು ದೊಡ್ಡ ಕಥೆ ಇರುವ ಊರಿನಲ್ಲಿ ಅದನ್ನು ಹೇಳುವ ಒಂದು ಫಲಕ ನಮ್ಮ ಕಣ್ಣಿಗೆ ಬೀಳಲಿಲ್ಲ. ಗಣಿಯ ಕಥೆಯನ್ನೂ ಕಾಡಿನ ಕಥೆಯನ್ನೂ ಒಟ್ಟಿಗೆ ಹೇಳುವ ಚಿಕ್ಕದೊಂದು ಸಂಗ್ರಹಾಲಯ ಅಲ್ಲಿ ಬೇಕೇ ಬೇಕು ಅನ್ನೋದು ನನ್ನ ಅಭಿಪ್ರಾಯ. ನೀವೇನು ಹೇಳುತ್ತೀರಿ? ಆ ಕಡೆಯ ನೆನಪಿರುವವರು ದಯವಿಟ್ಟು ಬರೆಯಿರಿ.

ಟೌನ್‌ಶಿಪ್ ಮಗಳು

ಸರ್, ದಾಸವಾಳದ ವಿಷಯ ಓದಿ ಕಣ್ಣು ತುಂಬಿತು. ನಾನು ಅಲ್ಲೇ ಹುಟ್ಟಿ ಬೆಳೆದವಳು. ಈಗ ಬನಶಂಕರಿಯಲ್ಲಿದ್ದೇನೆ. ಅಪ್ಪ ಕಲ್ಲು ಅರೆಯುವ ಮಿಲ್ಲಿನ ಕಡೆ ಶಿಫ್ಟ್ ಕೆಲಸದಲ್ಲಿದ್ದರು. ಹೆಚ್ಚು ಕಡಿಮೆ ಎಲ್ಲರ ಮನೆ ಮುಂದೆಯೂ ದಾಸವಾಳ, ಕ್ರೋಟನ್, ಒಂದು ಕರಿಬೇವು ಇರುತ್ತಿತ್ತು. ಊರು ಹೊಸದು, ಜನ ಬೇರೆ ಬೇರೆ ಕಡೆಯವರು. ಒಂದೇ ಸಾಲಿನಲ್ಲಿ ತುಳು, ಮಲಯಾಳ, ತೆಲುಗು, ಕನ್ನಡ ಎಲ್ಲ ಕೇಳಿಸುತ್ತಿತ್ತು. ಹಬ್ಬ ಯಾರದ್ದಾದರೂ ತಿಂಡಿ ಎಲ್ಲರ ಮನೆಗೂ ಬರುತ್ತಿತ್ತು.

ಮಳೆಯ ಬಗ್ಗೆ ಯಾರಿಗೆ ಹೇಳಿದರೂ ನಂಬೋದಿಲ್ಲ. ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಬೀಳುವ ಜಾಗ ಅದು. ಜೂನ್ ಬಂತು ಅಂದರೆ ಬಟ್ಟೆ ಒಣಗುವ ಮಾತೇ ಇಲ್ಲ. ಒಲೆಯ ಹತ್ತಿರ ಹಗ್ಗ ಕಟ್ಟಿ ಯೂನಿಫಾರಂ ಒಣಗಿಸುತ್ತಿದ್ದೆವು. ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತಿತ್ತು. ಆದರೂ ಮಕ್ಕಳಿಗೆ ಅದು ಸ್ವರ್ಗ.

ನಮ್ಮದೊಂದು ಆಟ ಇತ್ತು. ಹಾಳಾದ ರೇಡಿಯೋದಿಂದ ಸ್ಪೀಕರಿನ ಅಯಸ್ಕಾಂತ ಬಿಚ್ಚಿಕೊಂಡು, ಅದಕ್ಕೆ ದಾರ ಕಟ್ಟಿ, ರಸ್ತೆ ಬದಿಯ ಮಣ್ಣಿನಲ್ಲಿ ಎಳೆದುಕೊಂಡು ಹೋಗುವುದು. ಎತ್ತಿ ನೋಡಿದರೆ ಸುತ್ತಲೂ ಕಪ್ಪು ಪುಡಿ ಮುಳ್ಳಿನ ಹಾಗೆ ನೆಟ್ಟಗೆ ನಿಂತಿರುತ್ತಿತ್ತು. ಬೆರಳಿನಿಂದ ಸವರಿದರೆ ಮಲಗಿ ಮತ್ತೆ ಏಳುತ್ತಿತ್ತು. ಅಪ್ಪ ಅದನ್ನು ನೋಡಿ, "ನಮ್ಮ ಪ್ಲಾಂಟಿನಲ್ಲಿ ಮಾಡೋದೂ ಇದೇ ಪುಟ್ಟಿ, ಅಯಸ್ಕಾಂತ ದೊಡ್ಡದು ಅಷ್ಟೇ" ಅಂದಿದ್ದರು.

ಗಣಿ ನಿಂತ ಮೇಲೆ ಅಪ್ಪನಿಗೆ ಮಂಗಳೂರಿಗೆ ವರ್ಗವಾಯಿತು. ಕೆಲವರು ಸ್ವಯಂ ನಿವೃತ್ತಿ ತೆಗೆದುಕೊಂಡು ತಮ್ಮ ತಮ್ಮ ಊರಿಗೆ ಹೋದರು. ಅಲ್ಲಿ ಸ್ವಂತ ಮನೆ ಅಂತ ಯಾರಿಗೂ ಇರಲಿಲ್ಲ. ಹಾಗಾಗಿ ನಮಗೆ "ಊರಿಗೆ ಹೋಗುತ್ತೇವೆ" ಅಂತ ಹೇಳಲು ಜಾಗವೇ ಉಳಿಯಲಿಲ್ಲ. ಹೋಗುವವರಲ್ಲಿ ಒಂದೇ ವಿನಂತಿ. ಖಾಲಿ ಮನೆಗಳ ಒಳಗೆ ನುಗ್ಗಿ ಫೋಟೋ ತೆಗೆಯಬೇಡಿ. "ದೆವ್ವದ ಊರು" ಅಂತ ವಿಡಿಯೋ ಹಾಕುವುದನ್ನು ನೋಡಿದ್ದೇನೆ. ಬಹಳ ಬೇಜಾರಾಗುತ್ತದೆ. ಆ ಅಡುಗೆಮನೆಗಳಲ್ಲಿ ನಮ್ಮ ಅಮ್ಮಂದಿರು ಅಡುಗೆ ಮಾಡಿದ್ದಾರೆ.

ಕಲ್ಲು ಓದುವವನು

ಅಯಸ್ಕಾಂತದ ಆಟ ಓದಿ ತುಂಬ ಖುಷಿಯಾಯಿತು. ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುತ್ತೇನೆ, ಹಾಗಾಗಿ ಎರಡು ಮಾತು ಸೇರಿಸುತ್ತೇನೆ.

ಅಲ್ಲಿನ ಅದಿರು ಮ್ಯಾಗ್ನಟೈಟ್. ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು. ಬಿಳಿ ಸ್ಫಟಿಕ ಶಿಲೆಯ ಪದರ, ಕಪ್ಪು ಕಬ್ಬಿಣದ ಪದರ, ಮತ್ತೆ ಬಿಳಿ, ಮತ್ತೆ ಕಪ್ಪು, ಹೀಗೆ ಕಲ್ಲಿನಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ. ಈ ಕಲ್ಲುಗಳ ವಯಸ್ಸು 250 ಕೋಟಿ ವರ್ಷಕ್ಕಿಂತ ಜಾಸ್ತಿ. ಕಬ್ಬಿಣದ ಅಂಶ ಸುಮಾರು ಶೇ 38. ಬಳ್ಳಾರಿ, ಸಂಡೂರಿನ ಒಳ್ಳೆಯ ಅದಿರಿನಲ್ಲಿ ಶೇ 60 ದಾಟುತ್ತದೆ. ಹಾಗಾಗಿ ಅಲ್ಲಿ ಅಗೆದು ಲಾರಿಗೆ ತುಂಬಿದರೆ ಆಯಿತು. ಇಲ್ಲಿ ಹಾಗಾಗಲ್ಲ. ಕಲ್ಲು ಒಡೆದು, ಅರೆದು, ಕಬ್ಬಿಣವನ್ನು ಅಯಸ್ಕಾಂತದಿಂದ ಬೇರ್ಪಡಿಸಿ, ಶೇ 67ರ ಮಟ್ಟಕ್ಕೆ ತರಬೇಕು. ಹಾಗೆ ಅರೆದಾಗ ಹೇಗೂ ಪುಡಿಯಾಗಿರುತ್ತದೆ, ನೀರೂ ಬೆರೆತಿರುತ್ತದೆ. ಕೊಳವೆಯಲ್ಲಿ ಬಿಡುವ ಉಪಾಯ ಅಲ್ಲಿಂದಲೇ ಬಂದದ್ದು. ಬೆಟ್ಟದ ಎತ್ತರ ಹೆಚ್ಚಿನ ಕೆಲಸ ಮಾಡಿಕೊಡುತ್ತಿತ್ತು, ಇಳಿಜಾರಿನಲ್ಲಿ ತಾನೇ ಹರಿಯುತ್ತಿತ್ತು. ಮಂಗಳೂರಿನಲ್ಲಿ ನೀರು ಸೋಸಿ ಪುಡಿಯನ್ನು ಹಡಗಿಗೆ ತುಂಬುತ್ತಿದ್ದರು. 1987ರಿಂದ ಅಲ್ಲೇ ಪುಡಿಯನ್ನು ಉಂಡೆ ಕಟ್ಟಿ, ಸುಟ್ಟು, ಗಟ್ಟಿ ಮಾಡಿ ಕಳಿಸುವ ಪೆಲೆಟ್ ಕಾರ್ಖಾನೆಯೂ ಶುರುವಾಯಿತು.

ಈಗ ಮುಖ್ಯ ವಿಷಯ. ಮೂರು ಟನ್ ಕಲ್ಲು ಅಗೆದರೆ ಸಿಗುತ್ತಿದ್ದುದು ಹೆಚ್ಚು ಕಡಿಮೆ ಒಂದು ಟನ್ ಕಬ್ಬಿಣದ ಪುಡಿ. ಉಳಿದ ಎರಡು ಟನ್ ನುಣುಪು ಕೆಸರು ಎಲ್ಲಿ ಹೋಯಿತು? ಲಕ್ಯಾ ಅಣೆಕಟ್ಟಿನ ಹಿಂದೆ. ಲಕ್ಯಾ ಹೊಳೆಗೆ ಅಡ್ಡ ಕಟ್ಟಿದ, ಸುಮಾರು 100 ಮೀಟರ್ ಎತ್ತರದ ಕಟ್ಟೆ ಅದು. ಕುಡಿಯುವ ನೀರಿಗಾಗಲಿ ಬೇಸಾಯಕ್ಕಾಗಲಿ ಕಟ್ಟಿದ್ದಲ್ಲ. ಕೆಸರು ಹಿಡಿದಿಡಲು ಕಟ್ಟಿದ್ದು. ಗಣಿ ನಿಂತರೂ ಆ ಕೆಸರು ಅಲ್ಲೇ ಇದೆ. ಅಂಥ ಮಳೆಯಲ್ಲಿ ಆ ಕಟ್ಟೆಯನ್ನು ವರ್ಷ ವರ್ಷವೂ ಕಾಯಬೇಕು. ನಿಮ್ಮ ಸಂಗ್ರಹಾಲಯದಲ್ಲಿ ಮೊದಲ ಚಿತ್ರ ಅದರದ್ದೇ ಇರಲಿ ಅಂತ ನನ್ನ ಆಸೆ.

ಭದ್ರಾ ಅಚ್ಚುಕಟ್ಟು

ನಾನು ಇದನ್ನು ಬೇರೆ ಕಡೆಯಿಂದ ನೋಡಿದವನು. ನಮ್ಮದು ಭದ್ರಾ ನಾಲೆಯ ನೀರಿನಲ್ಲಿ ಭತ್ತ, ಅಡಿಕೆ ಬೆಳೆಯುವ ಊರು. ಈಗ ಕೆಲಸಕ್ಕೆ ಪೀಣ್ಯದಲ್ಲಿದ್ದೇನೆ. ಭದ್ರಾ, ತುಂಗಾ, ನೇತ್ರಾವತಿ ಮೂರೂ ಹುಟ್ಟುವುದು ಅದೇ ಬೆಟ್ಟಸಾಲಿನ ಗಂಗಾಮೂಲದ ಕಡೆ. ಮೂರು ನದಿಯ ತಲೆಯ ಮೇಲೆ ಕೂತು ಬೆಟ್ಟ ಅಗೆಯುವುದು ಅಂದರೆ ಏನು ಅಂತ ಯೋಚಿಸಿ. ಮಳೆಗಾಲದಲ್ಲಿ ಗಣಿಯ ಮಣ್ಣು ಭದ್ರೆಗೆ ಇಳಿಯುತ್ತಿತ್ತು. ಅದು ಕೊನೆಗೆ ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೇ ಬರಬೇಕಲ್ವಾ? ಹೂಳು ತುಂಬಿದರೆ ನಷ್ಟ ಯಾರಿಗೆ? ಕೆಳಗಿನ ರೈತರಿಗೆ.

ಟೌನ್‌ಶಿಪ್ ಅಕ್ಕನ ನೋವು ನನಗೆ ಅರ್ಥವಾಗುತ್ತದೆ. ಆದರೂ ಗಣಿ ನಿಲ್ಲಿಸಿದ್ದು ಸರಿ ಅಂತಲೇ ಹೇಳುತ್ತೇನೆ. ಅದಕ್ಕಾಗಿ ಹೋರಾಡಿದವರ ಹೆಸರೂ ಆ ಫಲಕದಲ್ಲಿ ಬರಬೇಕು. ಕೋರ್ಟಿಗೆ ಹೋದವರು ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿನ್ನಪ್ಪ. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. 1987ರಲ್ಲೇ ಅದು ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾಗಿತ್ತು. ಗಣಿಯ ಗುತ್ತಿಗೆ 1999ಕ್ಕೆ ಮುಗಿದಿತ್ತು. ಆಮೇಲೂ ತಾತ್ಕಾಲಿಕ ಅನುಮತಿಯಲ್ಲಿ ಕೆಲಸ ನಡೆಯುತ್ತಿತ್ತು. ಸಿಂಗಳೀಕಗಳು ಇರುವ ಕಾಡು ಅದು, ಶೋಲಾ ಅಂದರೆ ಬೆಟ್ಟದ ಕಣಿವೆಯ ದಟ್ಟ ಕಾಡು ಮತ್ತು ಹುಲ್ಲುಗಾವಲು ಒಟ್ಟಿಗೆ ಇರುವ ಬೆಟ್ಟ. ಒಮ್ಮೆ ಹೋದರೆ ಯಾವ ಕಂಪನಿಯೂ ಅದನ್ನು ಮತ್ತೆ ಕಟ್ಟಿಕೊಡಲಾರದು.

ಟೌನ್‌ಶಿಪ್ ಮಗಳು

ಅಣ್ಣ, ಗಣಿ ಮತ್ತೆ ಶುರುವಾಗಲಿ ಅಂತ ನಾನೂ ಹೇಳುವುದಿಲ್ಲ. ನಮ್ಮ ಅಪ್ಪನೂ ಹೇಳುವುದಿಲ್ಲ. ಮಳೆ ನಿಂತ ಮೇಲೆ ಬೆಟ್ಟದ ಮೆಟ್ಟಿಲುಗಳು ಕಾಣಿಸುತ್ತಿದ್ದವು. ಬೆಟ್ಟವನ್ನು ಹಂತ ಹಂತವಾಗಿ ಕತ್ತರಿಸಿದ ಜಾಗ. ಸುತ್ತ ಹಸಿರು, ನಡುವೆ ಆ ಕೆಂಪು. ಚಿಕ್ಕವಳಿದ್ದಾಗಲೂ ಅದನ್ನು ನೋಡಿದರೆ ಒಂಥರಾ ಆಗುತ್ತಿತ್ತು. ನನ್ನ ಮಾತು ಇಷ್ಟೇ. ಕಾಡು ಉಳಿಯಿತು ಅಂತ ಬರೆಯುವಾಗ ಅಲ್ಲಿ ಸಾವಿರಾರು ಜನ ಬಾಳಿದ್ದರು ಅನ್ನೋದನ್ನೂ ಬರೆಯಲಿ.

ಮಾರಿಕುಪ್ಪಂ ಟ್ರೈನು

ನಾನು ಕೆಜಿಎಫ್‌ನವನು, ಅಂದರೆ ಕೋಲಾರದ ಚಿನ್ನದ ಗಣಿ ಊರಿನವನು. ಬೆಳಗಿನ ಟ್ರೈನಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಬಂದು ರಾತ್ರಿ ವಾಪಸ್ ಹೋಗುವ ಸಾವಿರಾರು ಜನರಲ್ಲಿ ಒಬ್ಬ. ಟೌನ್‌ಶಿಪ್ ಮೇಡಂ ಬರೆದದ್ದು ಓದಿ ನಮ್ಮ ಮನೆಯ ಕಥೆಯೇ ಅನ್ನಿಸಿತು.

ನಮ್ಮ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ನೂರಿಪ್ಪತ್ತು ವರ್ಷದ ಗಣಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಕೆಲಸ ಜೋರಾಯಿತು. ಅದಕ್ಕೂ ಮುಂಚೆ 1873ರಲ್ಲಿ ಚಿನ್ನ ಹುಡುಕಲು ಮೈಸೂರು ಸರ್ಕಾರದ ಅನುಮತಿ ಕೇಳಿದ್ದ ಲ್ಯಾವೆಲ್ ಹೆಸರಿನಲ್ಲೇ ಬೆಂಗಳೂರಿನ ಲ್ಯಾವೆಲ್ ರಸ್ತೆ ಇರೋದು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಮೊದಲು ಬಂದದ್ದು ನಮ್ಮ ಗಣಿಗೆ. ಬೆಂಗಳೂರಿಗೆ 1905ರಲ್ಲಿ. ಚಾಂಪಿಯನ್ ರೀಫ್ ಗಣಿ ನೆಲದಡಿ ಮೂರು ಕಿಲೋಮೀಟರಿಗೂ ಆಳ ಹೋಗಿತ್ತು. ಆ ಆಳದಲ್ಲಿ ಬಂಡೆಯೇ ಬಿಸಿ. ಒತ್ತಡಕ್ಕೆ ಬಂಡೆ ಸಿಡಿದರೆ ಮೇಲೆ ಮನೆಯಲ್ಲಿ ಪಾತ್ರೆ ಅಲುಗುತ್ತಿತ್ತು ಅಂತ ಅಜ್ಜಿ ಹೇಳುತ್ತಿದ್ದರು. ಅಲುಗಿದ ಕೂಡಲೇ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರಂತೆ, ಯಾವ ಶಾಫ್ಟಿನಿಂದ ಸುದ್ದಿ ಬರುತ್ತದೋ ಅಂತ.

ಲಕ್ಯಾ ಕಟ್ಟೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮಲ್ಲಿ ಅದರ ಬದಲು ಸೈನೈಡ್ ಗುಡ್ಡಗಳಿವೆ. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿ. ಬೇಸಿಗೆಯಲ್ಲಿ ಗಾಳಿ ಎದ್ದರೆ ಆ ಪುಡಿ ಮನೆಯೊಳಗೆ ಬರುತ್ತದೆ. ಹೊರಗಿನವರು ಗುಡ್ಡದ ಮೇಲೆ ಹತ್ತಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ನಾವು ಕಿಟಕಿ ಹಾಕಿಕೊಳ್ಳುತ್ತೇವೆ. ಗಣಿ ಊರು ನೋಡಲು ಬರುವವರು ಕಟ್ಟಡದ ಜೊತೆ ಈ ರಾಶಿಯನ್ನೂ ನೋಡಬೇಕು. ಚಿನ್ನ ಹೋಯಿತು, ಸಂಬಳ ನಿಂತಿತು. ಉಳಿದದ್ದು ಇದೇ.

ಎರಡು ಊರಿಗೂ ಒಂದು ವ್ಯತ್ಯಾಸ ಇದೆ. ಕುದುರೆಮುಖದಲ್ಲಿ ಜನ ಹೋದರು. ನಮ್ಮಲ್ಲಿ ಜನ ಅಲ್ಲೇ ಉಳಿದರು, ಕೆಲಸ ಮಾತ್ರ ಹೋಯಿತು. ಅದಕ್ಕೇ ಈ ಟ್ರೈನು.

ಸಂಡೂರು ಹುಡುಗ

ಈ ಚರ್ಚೆಯನ್ನು ನಮ್ಮ ಕಡೆಯವರು ಎಲ್ಲರೂ ಓದಬೇಕು. ಕುದುರೆಮುಖ ನಿಂತ ಮೇಲೆ ಅದೇ ಕಂಪನಿ ನಮ್ಮ ದೇವದಾರಿ ಬೆಟ್ಟದಲ್ಲಿ ಗಣಿ ಮಾಡಲು ಹೊರಟಿತು. ಒಳ್ಳೆಯ ಕಾಡು ಇರುವ ಬೆಟ್ಟ. ನಮ್ಮಲ್ಲಿ ಅದಕ್ಕೆ ವಿರೋಧ ಇದೆ, ಕೆಲಸ ಸಿಗುತ್ತದೆ ಅನ್ನುವವರೂ ಇದ್ದಾರೆ. ಹಳೆಯ ಗಣಿ ಊರಿಗೆ ಹೋಗಿ, ಮುವತ್ತು ವರ್ಷದ ನಂತರ ಏನಾಗುತ್ತದೆ ಅಂತ ನೋಡಿಕೊಂಡು ಬಂದರೆ ಎರಡೂ ಕಡೆಯವರಿಗೂ ಮಾತಾಡಲು ಒಂದು ಆಧಾರ ಸಿಗುತ್ತದೆ.

ಗಿರಿನಗರ ಗೃಹಿಣಿ

ನಾವು ಬರುವ ತಿಂಗಳು ಅತ್ತೆ ಮಾವ, ಮಕ್ಕಳ ಜೊತೆ ಉಡುಪಿಗೆ ಹೋಗುವವರಿದ್ದೇವೆ. ಈ ದಾರಿಯಲ್ಲಿ ಹೋಗೋಣ ಅಂತ ಮನೆಯಲ್ಲಿ ಹೇಳಿದೆ, ಎಲ್ಲರೂ ಒಪ್ಪಿದರು. ಮಾವನಿಗೆ ಹೊರನಾಡು ಅನ್ನಪೂರ್ಣೇಶ್ವರಿ ದರ್ಶನವೂ ಆಗಬೇಕಂತೆ. ರಸ್ತೆ ಹೇಗಿದೆ? ಲಕ್ಯಾ ಡ್ಯಾಂ ಹತ್ತಿರ ಬಿಡುತ್ತಾರಾ? ಎಲ್ಲೆಲ್ಲಿ ನಿಲ್ಲಿಸಬಹುದು?

ವಿಜಯನಗರದ ಪಯಣಿಗ

ಮೊದಲು ಎಲ್ಲರಿಗೂ ಥ್ಯಾಂಕ್ಸ್. ಫಲಕದಲ್ಲಿ ಏನು ಬರೆಯಬೇಕು ಅಂತ ನಾನು ಯೋಚಿಸಿದ್ದಕ್ಕಿಂತ ಎಷ್ಟೋ ಜಾಸ್ತಿ ಇಲ್ಲಿ ಬಂತು. ಕಲ್ಲು ಓದುವವನು ಸರ್ ಹೇಳಿದ ಎರಡು ಟನ್ ಕೆಸರು, ಮಾರಿಕುಪ್ಪಂ ಸರ್ ಹೇಳಿದ ಗುಡ್ಡಗಳು, ಇವನ್ನು ಬಿಟ್ಟು ಗಣಿ ಊರಿನ ಕಥೆ ಹೇಳಲು ಆಗೋದೇ ಇಲ್ಲ. ಭದ್ರಾ ಅಚ್ಚುಕಟ್ಟಿನ ಸರ್ ಮಾತನ್ನೂ ಪೂರ್ತಿ ಒಪ್ಪುತ್ತೇನೆ. ಕೋರ್ಟಿನ ತೀರ್ಪು ಸರಿಯೇ. ಟೌನ್‌ಶಿಪ್ ಮೇಡಂ, ನೀವು ಮತ್ತು ನಿಮ್ಮ ತಂದೆಯವರು ನೆನಪಿರುವಷ್ಟನ್ನು ಬರೆದಿಡಿ. ಹಳೆಯ ಫೋಟೋ ಇದ್ದರೆ ಸ್ಕ್ಯಾನ್ ಮಾಡಿಡಿ. ಸಂಗ್ರಹಾಲಯ ಆಗುವಾಗ ಆಗಲಿ, ನೆನಪು ಇರುವಾಗಲೇ ಕೂಡಿಡಬೇಕು.

ಗಿರಿನಗರದ ಮೇಡಂ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೊರನಾಡು ಕಳಸದ ಪಕ್ಕದಲ್ಲೇ. ಮೊದಲ ದಿನ ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಹೋಗಿ ಹೊರನಾಡಿನಲ್ಲೋ ಕಳಸದಲ್ಲೋ ಉಳಿಯಿರಿ. ದೇವರ ದರ್ಶನ, ಊಟ ಎರಡೂ ಆಗುತ್ತದೆ. ಹಿರಿಯರಿದ್ದಾರೆ, ಒಂದೇ ದಿನದಲ್ಲಿ ಕಡಲವರೆಗೆ ಓಡಿಸಬೇಡಿ. ರಸ್ತೆ ತಿರುವು ಜಾಸ್ತಿ, ವಾಂತಿ ಬರುವವರಿಗೆ ನಿಂಬೆಹಣ್ಣು ಇಟ್ಟುಕೊಳ್ಳಿ.

ಎರಡನೇ ದಿನ ಬೆಳಿಗ್ಗೆ ಬೇಗ ಹೊರಟರೆ ಟೌನ್‌ಶಿಪ್ ಆರಾಮಾಗಿ ನೋಡಬಹುದು. ತಿಂಡಿ ಕಳಸದಲ್ಲೇ ಮುಗಿಸಿ, ಪೆಟ್ರೋಲೂ ಅಲ್ಲೇ ಹಾಕಿಸಿಕೊಳ್ಳಿ. ರಾಷ್ಟ್ರೀಯ ಉದ್ಯಾನದ ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರು ಮತ್ತು ಹೊತ್ತು ಬರೆದ ಚೀಟಿ ಕೊಡುತ್ತಾರೆ. ಇನ್ನೊಂದು ತುದಿಗೆ ಹೇಳಿದ ಹೊತ್ತಿಗೆ ತಲುಪಬೇಕು, ತಡವಾದರೆ ದಂಡ. ಕಾಡಿನ ನಡುವೆ ಎಲ್ಲೆಂದರಲ್ಲಿ ನಿಲ್ಲಿಸಿ ಬುತ್ತಿ ಬಿಚ್ಚುವ ಹಾಗಿಲ್ಲ. ಪ್ರಾಣಿಗಳು ರಸ್ತೆ ದಾಟುತ್ತವೆ, ದಯವಿಟ್ಟು ನಿಧಾನ. ಪ್ಲಾಸ್ಟಿಕ್ ಅಂತೂ ಬೇಡವೇ ಬೇಡ. ಲಕ್ಯಾ ಕಟ್ಟೆಗೆ ಅನುಮತಿಯಿಲ್ಲದೆ ಬಿಡುವುದಿಲ್ಲ. ಸುಮ್ನೆ ಗೇಟಿನವರ ಹತ್ತಿರ ವಾದ ಮಾಡಬೇಡಿ. ಬೆಟ್ಟ ಹತ್ತುವವರಿಗೂ ಅರಣ್ಯ ಇಲಾಖೆಯ ಅನುಮತಿ ಮೊದಲೇ ಬೇಕು.

ಟೌನ್‌ಶಿಪ್ ಬಿಟ್ಟ ಮೇಲೆ ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ) ಬರುತ್ತದೆ. ಅಲ್ಲಿ ಬಲಕ್ಕೆ ಹೋದರೆ ಶೃಂಗೇರಿ. ನೀವು ನೇರ ಘಾಟಿ ಇಳಿದು ಮಾಳ, ಬಜಗೋಳಿ, ಕಾರ್ಕಳಕ್ಕೆ ಬನ್ನಿ. ಹೆಚ್ಚಿನ ಕಡೆ ಕೊಳವೆ ನೆಲದಡಿ ಇದೆ, ಹಾಗಾಗಿ ಕಣ್ಣಿಗೆ ಕಾಣುತ್ತದೆ ಅಂತ ಕಾಯಬೇಡಿ. ಮಕ್ಕಳಿಗೆ ಮಾತ್ರ ಹೇಳಿ, ನಮ್ಮ ಕಾರು ಇಳಿದ ಹಾಗೇ ಕಬ್ಬಿಣವೂ ಇದೇ ಬೆಟ್ಟ ಇಳಿಯುತ್ತಿತ್ತು ಅಂತ. ಕಾರ್ಕಳದಲ್ಲಿ ಊಟ ಮಾಡಿ, ಪಡುಬಿದ್ರಿಯ ಮೇಲೆ ಸುರತ್ಕಲ್ ದಾಟಿ ಪಣಂಬೂರಿಗೆ ಹೋಗಿ. ಬೀಚಿನ ಪಕ್ಕದಲ್ಲೇ 1974ರಲ್ಲಿ ಶುರುವಾದ ನವ ಮಂಗಳೂರು ಬಂದರು. ಹಡಗುಗಳು ಕಾಣುತ್ತವೆ. ಪೆಲೆಟ್ ಕಾರ್ಖಾನೆ ಈಗ ಹೊರಗಿನಿಂದ ತಂದ ಅದಿರನ್ನೇ ನಂಬಿಕೊಂಡಿದೆ. ಅಲ್ಲಿಂದ ಉಡುಪಿ ಒಂದು ಗಂಟೆ ಚಿಲ್ಲರೆ ದಾರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿರಿಯರ ಜೊತೆ ಈ ದಾರಿ ಬೇಡ. ಮಂಜು ಕವಿದರೆ ಮುಂದಿನ ಗಾಡಿಯೂ ಕಾಣುವುದಿಲ್ಲ. ದೀಪಾವಳಿ ಕಳೆದ ಮೇಲೆ ಚೆನ್ನಾಗಿರುತ್ತದೆ.

ಟೌನ್‌ಶಿಪ್ ಮಗಳು

ಸರ್, ಅಪ್ಪನ ಹತ್ತಿರ ಫೋನಿನಲ್ಲಿ ಮಾತಾಡಿದೆ. ಅವರ ಹತ್ತಿರ ಕನ್ವೇಯರ್ ಬೆಲ್ಟಿನ ಮುಂದೆ ಶಿಫ್ಟಿನವರೆಲ್ಲ ನಿಂತ ಫೋಟೋ ಇದೆಯಂತೆ. ಕೆಲವರ ಹೆಸರು ಮರೆತಿದೆ, ಹಳೇ ಸ್ನೇಹಿತರಿಗೆ ಕಳಿಸಿ ಕೇಳುತ್ತೇನೆ ಅಂದರು. ಈ ಭಾನುವಾರ ಮಂಗಳೂರಿಗೆ ಹೋಗಿ ಆಲ್ಬಂ ತರುತ್ತೇನೆ. ಗಿರಿನಗರದ ಅಕ್ಕ, ನಿಮ್ಮ ಮಾವನಿಗೆ ನಡೆಯಲು ಆಗುವುದಾದರೆ ಟೌನ್‌ಶಿಪ್ ಒಳಗೆ ಭದ್ರೆ ಹರಿಯುವ ಕಡೆ ಹೋಗಿ ಬನ್ನಿ. ಸಂಜೆ ನಾವೆಲ್ಲ ಅಲ್ಲೇ ಆಡುತ್ತಿದ್ದೆವು. ಕಲ್ಲು ಜಾರುತ್ತದೆ, ಮಕ್ಕಳನ್ನು ನೀರಿಗೆ ಇಳಿಸಬೇಡಿ.

ಮಾರಿಕುಪ್ಪಂ ಟ್ರೈನು

ಮೇಡಂ, ಆಲ್ಬಂ ಬಂದ ಮೇಲೆ ಹೇಳಿ. ಸ್ಕ್ಯಾನ್ ಮಾಡಲು ನಾನು ಬರುತ್ತೇನೆ, ನನ್ನ ಆಫೀಸು ಜಯನಗರದಲ್ಲೇ. ನಮ್ಮ ಅಜ್ಜನ ಹಾಜರಿ ಪುಸ್ತಕ, ತಲೆಗೆ ಹಾಕುತ್ತಿದ್ದ ಬಿದಿರಿನ ಟೋಪಿ ಎರಡನ್ನೂ ತರುತ್ತೇನೆ. ಎರಡೂ ಊರಿನವು ಒಂದೇ ಕಡೆ ಇರಲಿ.